ಹಾಳಿಗೆ ಬಂದ ನೀರು

೧೩ ಜೂನ್ ೨೦೨೨, ಬೆಳಿಗ್ಗೆ

ಸಭಾಧ್ಯಕ್ಷರೇ, ದೋರನಹಳ್ಳಿಯ ಮಹಾಜನಗಳೇ, ಹಿಂದಿನ ಬೆಂಚಿನಲ್ಲಿ ಆಗಲೇ ಆಕಳಿಸುತ್ತಿರುವ ಬಂಧುಗಳೇ... ಇಂಗ್ಲಿಷ್ ಪರೀಕ್ಷೆ ಪಾಸಾದ ಈ ಮೌನಪ್ಪ ಮಾಸ್ತರನಿಗೆ ನೀವು ಹೊದಿಸಿದ ಶಾಲು ಸ್ವಲ್ಪ ಚುಚ್ಚುತ್ತಿದೆ. ಆದರೂ ಸಂತೋಷ.

ಭಾಷಣ ಸಿದ್ಧ. ಪಾಸಾಗುವುದೊಂದು ಬಾಕಿ.

ಶಾಲೆ ಇಂಗ್ಲಿಷ್ ಮೀಡಿಯಂ ಆಗುತ್ತಿದೆ. ಇಂಗ್ಲಿಷ್ ಪರೀಕ್ಷೆ ಪಾಸಾದ ಮಾಸ್ತರರು ಇಲ್ಲೇ. ಫೇಲಾದವರು ನಾರಾಯಣಪುರದ ಕಡೆ, ಯಾವುದೋ ನದಿದಂಡೆಯ ಶಾಲೆಗೆ. ಹೆಂಡತಿ ಪಾರ್ವತೆಮ್ಮನ ಅಂಗನವಾಡಿ ಕೆಲಸ ಈ ಊರಲ್ಲಿ — ಜೊತೆಗೆ ಬರಲಾರಳು. ಎರಡು ಸಲ ಫೇಲಾಗಿದ್ದೇನೆ. ಇದು ಕೊನೆಯದು.

ಪ್ಯಾಸೇಜು ಉದ್ದ. ಮಾಸ್ತರ ಪೆದ್ದ. ಓದುತ್ತ ಓದುತ್ತ ನಿದ್ದೆಗೆ ಬಿದ್ದ.

೧೯ ಜೂನ್

ಶಹಾಪುರದಲ್ಲಿ ಪರೀಕ್ಷೆ ಮುಗಿಯಿತು. ಗ್ರಾಮರ್ ಪರವಾಗಿಲ್ಲ, ಬಾಯಿಪಾಠ. ಪ್ಯಾಸೇಜು ಕೆನಾಲ್ ಬಗ್ಗೆ. ಕೆಳಗೆ ಒಂದಿಷ್ಟು ವಾಕ್ಯ — ಟ್ರೂ ಅಥವಾ ಫಾಲ್ಸ್, ಗುರುತು ಹಾಕಬೇಕು.

ಹೊರಗೆ ಬಂದು ಮಿರ್ಚಿ ತಿಂದೆ. ಕಣ್ಣಲ್ಲಿ ನೀರು. ಮಿರ್ಚಿಯಿಂದಲೇ.

೨೩ ಜುಲೈ

ಫೇಲು. ಒಂದು ಅಂಕಕ್ಕೆ.

ಸ್ಟಾಫ್‌ರೂಮಿನಲ್ಲಿ ಲಿಂಗಣ್ಣ — ನಮ್ಮಲ್ಲಿ ಚಿಕ್ಕವನು, ಇಂಗ್ಲಿಷ್ ಬಲ್ಲವನು — ನನ್ನ ಪ್ರಶ್ನೆಪತ್ರಿಕೆ ಓದಿ ಕನ್ನಡದಲ್ಲಿ ಬಿಡಿಸಿದ. ಒಂದು ವಾಕ್ಯ ತೋರಿಸಿ ಇದಕ್ಕೇನು ಹಾಕಿದ್ರಿ ಎಂದ; ಫಾಲ್ಸ್ ಎಂದೆ.

"ಕಾಲುವಿ ನೀರು ಕಡೀ ಊರಿನ ಹೊಲಕ್ಕೂ ಮುಟ್ಟಿತು ಅಂತ ಪ್ಯಾಸೇಜಿನ್ಯಾಗ ಐತ್ರಿ ಸರ್. ಟ್ರೂ ಹಾಕಬೇಕಿತ್ತು. ಫಾಲ್ಸ್ ಯಾಕ ಹಾಕಿದ್ರಿ?"

ನಾಲಿಗೆ ತಾನೇ ಆಡಿತು: "ಕಡೀ ಹೊಲ ನಮ್ದ ಐತಲ್ಲೋ! ನೀರು ಬಂತು ಪೇಪರ್ ಹಾಳಿಗೆ, ಬರಲಿಲ್ಲ ನಮ್ಮ ಪಾಳಿಗೆ!"

ಹೆಡ್‌ಮಿಸ್ ಮಲ್ಲಾಬಾಯಿ ಸೀರೆ ಮೇಲೆ ಚಹಾ ಚೆಲ್ಲಿಕೊಂಡು ನಕ್ಕರು. "ಮೌನಪ್ಪ, ನೀ ಫೇಲಾದ್ರೂ ನಿನ್ನ ಪ್ರಾಸ ಪಾಸ್ ನೋಡಪ!"

ಎಷ್ಟೋ ದಿನದ ಮೇಲೆ ಎದೆ ಹಗುರ.

೨೫ ಜುಲೈ

ಮಾತು ಊರೆಲ್ಲ ಹರಿದಿದೆ. ಕಾಲುವೆ ನೀರಿಗಿಂತ ಜೋರಾಗಿ. ಪಾರ್ವತೆಮ್ಮ ಮಾತ್ರ ನಗಲಿಲ್ಲ.

"ಖರೇ ಬರದವರಿಗಿ ಫೇಲ್ ಮಾಡ್ತಾರೇನ್ರಿ? ಅರ್ಜಿ ಹಾಕೂಣು."

"ಏ, ಮಜಾಕಿಗಿ ಅಂದೀನಿ ಬಿಡು."

"ನಿಮಗ ಮಜಾಕ. ನೀವ್ ಹ್ವಾದ್ರ ಈ ಮನ್ಯಾಗ ನಾ ಯಾರ ಕೂಡ ಜಗಳಾಡ್ಲಿ?"

ಮಲ್ಲಾಬಾಯಿಯವರೂ ಅರ್ಜಿಗೆ ಸಹಿ ಹಾಕಿದರು. ತಡೆಯಬೇಕಿತ್ತು. ತಡೆಯಲಿಲ್ಲ.

೨ ಆಗಸ್ಟ್

ಅರ್ಜಿ ನೋಡಿ, ಶುಕ್ರವಾರ ಯಾದಗಿರಿಯ ಶಿಕ್ಷಣ ಇಲಾಖೆ ಕಚೇರಿಗೆ ಬರಲು ಕರೆ. ಪಾರ್ವತೆಮ್ಮ ನನ್ನ ಬಿಳಿ ಅಂಗಿ ಇಸ್ತ್ರಿಗೆ ಕೊಟ್ಟು ಬಂದಳು. "ಸಾಹೇಬರ ಮುಂದ ಆ ಹಾಳಿ-ಪಾಳಿ ಹೇಳ್ರಿ, ಮರೀಬ್ಯಾಡ್ರಿ."

ತರಗತಿಯಲ್ಲಿ ಮಕ್ಕಳು ಪದ್ಯ ಕಟ್ಟಿಕೊಡಿ ಎಂದವು. ಒಂದು ಪ್ರಾಸವೂ ಹೊಳೆಯಲಿಲ್ಲ.

೫ ಆಗಸ್ಟ್, ಸಂಜೆ

ಹೋಗಿ ಬಂದೆವು. ಸಾಹೇಬರು ಒಳ್ಳೆಯವರು. ಕುರ್ಚಿ ಕೊಡಿಸಿದರು. ನನ್ನ ಉತ್ತರದ ಹಾಳೆ ತೆಗೆದು ನೋಡಿದರು. ನಮ್ಮ ಕಡೆ ತಿರುಗಿಸಿ ಇಟ್ಟರು.

ಪಾರ್ವತೆಮ್ಮನಿಗೆ ಇಂಗ್ಲಿಷ್ ಬಾರದು. ಬಾಗಿ ನೋಡಿದಳು. ಅವಳ ಬೆರಳು ಮೇಲಿಂದ ಕೆಳಗೆ ನೆಟ್ಟಗೆ ಇಳಿಯಿತು.

"ಗುರುತು ಎಲ್ಲಾ ಒಂದ ಸಾಲಿನ್ಯಾಗ ಅದಾವಲ್ರಿ..."

ನನ್ನನ್ನು ಕೇಳಿದ್ದು. ಸಾಹೇಬರನ್ನಲ್ಲ.

ಬಸ್ಸಿನಲ್ಲಿ ಕಿಟಕಿ ಕಡೆ ಕೂತಳು. ಭೀಮಾ ಸೇತುವೆ ದಾಟುವಾಗ ಯಾವತ್ತೂ ನಾಣ್ಯ ಎಸೆಯುತ್ತಾಳೆ. ಎಸೆಯಲಿಲ್ಲ. ಈಗ ಒಳಗೆ ನನ್ನ ಬಟ್ಟೆ ಮಡಚುತ್ತಿದ್ದಾಳೆ. ನಾರಾಯಣಪುರದ ಕಡೆ ಹೋಗಲಿಕ್ಕೆ.

ಸಭಾಧ್ಯಕ್ಷರೇ —

ಇಲ್ಲ. ಸಭೆ ಇಲ್ಲ. ಹೊಲ ನೆನೆದು ಫಾಲ್ಸ್ ಹಾಕಿದ್ದಲ್ಲ. ಎಲ್ಲದಕ್ಕೂ ಫಾಲ್ಸೇ ಹಾಕಿದ್ದೆ. ನನಗೆ ಓದಲು ಬರಲಿಲ್ಲ. ಕೆನಾಲ್ ಅನ್ನುವುದೊಂದು ತಿಳಿಯಿತು. ಆಮೇಲಿನ ಸಾಲು...