ಕ್ರೇನಿನಿಂದ ಕೆಳಗಿಳಿದೆ

ವಾರ್ನಾ, ೩ ಮಾರ್ಚ್ ೨೦೦೪, ಬುಧವಾರ

ನನ್ನ ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ನೀನು ನೋಡಿಕೊಳ್ಳುವ ಆ ಮುದುಕಮ್ಮನನ್ನು ಹಾಸಿಗೆಯಿಂದ ಕುರ್ಚಿಗೆ ಒಬ್ಬಳೇ ಎತ್ತಿ ಕೂರಿಸಬೇಡ, ಅವರ ಮಗಳನ್ನೂ ಕೈ ಹಾಕಲು ಕರೆ ಎಂದು ಹೋದ ಸಲವೇ ಬರೆದಿದ್ದೆ. ನೀನು ಕರೆದಿರುವುದಿಲ್ಲ, ನನಗೆ ಗೊತ್ತು. ನಿಮ್ಮ ಬೊಲೊನ್ಯಾದಲ್ಲಿ ಆಗಲೇ ಬೆಚ್ಚಗಾಗಿದೆ ಎಂದು ಅಲ್ಲಿಗೆ ಓಡಾಡುವ ವ್ಯಾನಿನ ಡ್ರೈವರ್ ಹೇಳಿದ. ಇಲ್ಲಿ ಸಮುದ್ರದ ಗಾಳಿ ಇನ್ನೂ ಕಿವಿ ಕೊರೆಯುತ್ತಿದೆ. ಅವನ ಕೈಯಲ್ಲೇ ಈ ಪೊಟ್ಟಣ ಕಳಿಸುತ್ತಿದ್ದೇನೆ. ಕೆಂಪು ಮೆಣಸಿನಕಾಯಿ ಗೊಜ್ಜು ಎರಡು ಬಾಟಲಿ, ಉಣ್ಣೆಯ ಕಾಲುಚೀಲ, ಮಾರ್ಚ್ ಒಂದರ ಕೆಂಪು-ಬಿಳಿ ದಾರ. ದಾರ ತಡವಾಗಿ ತಲುಪುತ್ತದೆ, ಆದರೂ ಆರೋಗ್ಯಕ್ಕೆಂದು ಕೈಗೆ ಕಟ್ಟಿಕೋ. ಕೊಕ್ಕರೆ ಕಾಣುವ ತನಕ ಬಿಚ್ಚಬೇಡ. ಅಲ್ಲಿ ಕೊಕ್ಕರೆ ಬರದಿದ್ದರೆ ಹೂಬಿಟ್ಟ ಮರವಾದರೂ ಆದೀತು.

ನಾಲ್ಕು ತಿಂಗಳಿಂದ ನಾನು ಬರೆದ ಪತ್ರಗಳೆಲ್ಲ ಅರ್ಧ ಪುಟದವು. ಕೆಲಸ ಜಾಸ್ತಿ ಎಂದು ನೆಪ ಹೇಳಿದೆ. ಅದು ಸುಳ್ಳು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದೊಡನೆ ಮಳೆ ಗಾಳಿಯ ಮಾತಾಡಿ ಇಟ್ಟುಬಿಡುತ್ತೇನೆ. ಇವತ್ತು ವಿಮೋಚನೆಯ ಹಬ್ಬದ ರಜೆ, ನಮ್ಮ ಯಜಮಾನ ಪ್ಲಾಮೆನ್, ಊರಿನ ಚೌಕದಲ್ಲಿ ಬಾವುಟ ಏರಿಸುವುದನ್ನು ನೋಡಲು ಹೋಗಿದ್ದಾನೆ. ಒಬ್ಬಳೇ ಕೂತು ಎಲ್ಲವನ್ನೂ ಬರೆಯುತ್ತಿದ್ದೇನೆ. ನೀನೂ ಕೂತೇ ಓದು.

ನವೆಂಬರಿನ ಒಂದು ಬೆಳಗ್ಗೆ ಶುರುವಾಯಿತು. ಎಂದಿನಂತೆ ಬಂದರಿನಲ್ಲಿ ಕ್ರೇನಿನ ಏಣಿ ಹತ್ತಿ, ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು, ಹಿಡಿಗಳ ಮೇಲೆ ಕೈಯಿಟ್ಟೆ. ಕೆಳಗೆ ಗೋಧಿಯ ಹಡಗು, ಅದರಾಚೆ ಕೊಲ್ಲಿ. ಹದಿನಾರು ವರ್ಷದಿಂದ ದಿನಾ ನೋಡುವುದೇ. ಆದರೆ ಅವತ್ತು ಅದು ಯಾರೋ ಬರೆದು ಅಲ್ಲಿ ನಿಲ್ಲಿಸಿದ ಚಿತ್ರದ ಹಾಗೆ ಕಂಡಿತು. ಕೆಳಗಿನವರ ಕೂಗು ಬಹಳ ದೂರದಿಂದ ಬಂತು. ನನ್ನ ಕೈ ನೋಡಿಕೊಂಡೆ. ಅವು ಹಿಡಿಯನ್ನು ಸರಿಯಾಗಿಯೇ ಎಳೆಯುತ್ತಿದ್ದವು, ಸರಕು ಸರಿಯಾದ ಜಾಗಕ್ಕೇ ಇಳಿಯುತ್ತಿತ್ತು. ಆದರೆ ಅವನ್ನು ಆಡಿಸುತ್ತಿದ್ದವಳು ನಾನಲ್ಲ ಅನ್ನಿಸಿತು. ನನ್ನ ಹೆಸರು ಗೊತ್ತಿತ್ತು, ವಾರ ಗೊತ್ತಿತ್ತು, ಮಧ್ಯಾಹ್ನಕ್ಕೆ ತಂದಿದ್ದ ಬೀನ್ಸ್ ಸಾರಿನ ವಾಸನೆ ಮೂಗಿಗೆ ಬರುತ್ತಿತ್ತು. ಎಲ್ಲ ಇತ್ತು, ಯಾವುದೂ ನಿಜ ಅನ್ನಿಸುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಹೋಯಿತು. ನಿದ್ದೆ ಕಡಿಮೆಯಾಗಿರಬೇಕು ಎಂದುಕೊಂಡೆ.

ಮತ್ತೆ ಬಂತು. ಟ್ರಾಲಿ ಬಸ್ಸಿನಲ್ಲಿ ಬಂತು, ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಬಂತು, ಕೊನೆಗೆ ಮನೆಯೊಳಗೂ ಬಂತು. ಡಿಸೆಂಬರಿನ ಒಂದು ಭಾನುವಾರ ಪ್ಲಾಮೆನ್ ಅಡುಗೆಮನೆಯಲ್ಲಿ ನಿಂತು ಆಲೂಗಡ್ಡೆ ಸುಲಿಯುತ್ತಿದ್ದ. ಕತ್ತೆತ್ತಿ ನನ್ನನ್ನು ನೋಡಿ ನಕ್ಕ. ಅಕ್ಕಾ, ಆ ಮುಖ ಪ್ಲಾಮೆನ್‌ನದೇ. ಗಲ್ಲದ ಮೇಲಿನ ಗಾಯದ ಗುರುತೂ ಅವನದೇ. ಆದರೂ ಯಾರದೋ ಮನೆಗೆ ಬಂದು ಯಾರನ್ನೋ ನೋಡುತ್ತಿದ್ದೇನೆ ಅನ್ನಿಸಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ತೊಟ್ಟಿಯ ಅಂಚಿನ ಮೇಲೆ ಕೂತೆ.

ಯಾಕೆ ಅಷ್ಟು ಹೆದರಿದೆ ಎಂದು ನಿನಗೆ ಗೊತ್ತಾಗಬೇಕಾದರೆ, ಇಪ್ಪತ್ತೆಂಟು ವರ್ಷದಿಂದ ಬಚ್ಚಿಟ್ಟಿರುವ ಒಂದು ಮಾತನ್ನು ಹೇಳಬೇಕು. ಅಮ್ಮನನ್ನು ಕರೆದುಕೊಂಡು ಹೋದ ದಿನ ನೀನು ನನಗೆ ಸಕ್ಕರೆ ಹಚ್ಚಿದ ಬ್ರೆಡ್ ಕೊಟ್ಟು, ಶ್ವಾಸಕೋಶದ ಚಿಕಿತ್ಸೆಗೆ ಹೋಗಿದ್ದಾಳೆ ಎಂದೆ. ಆಗ ನಿನಗೆ ಹದಿನೈದು, ನನಗೆ ಒಂಬತ್ತು. ನಾನು ನಂಬಿದೆ ಎಂದು ನೀನು ನಂಬಿದೆ. ಆದರೆ ಅದಕ್ಕೆ ಒಂದು ವಾರದ ಹಿಂದೆ, ನೀನು ಸ್ಕೂಲಿನಲ್ಲಿದ್ದಾಗ, ಅಮ್ಮ ನನ್ನನ್ನು ಬೀರುವಿನ ಹಿಂದೆ ಎಳೆದುಕೊಂಡು ಕೂತಿದ್ದಳು. ಅಪ್ಪ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದ. ಅಮ್ಮ ನನ್ನ ಕಿವಿಯಲ್ಲಿ, “ಇವ್ನು ನಿಮ್ಮಪ್ಪ ಅಲ್ಲ ಮಗಳೇ. ನಿಮ್ಮಪ್ಪನ ಕೋಟು ಹಾಕ್ಕೊಂಡು ಬಂದಿದಾನೆ,” ಎಂದಳು. ಬಾಗಿಲಿಗೆ ಅಡ್ಡ ಹಲಗೆ ಹೊಡೆದಿದ್ದಳು. ಅವಳ ದನಿಯಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ. ನಾನು ಇದನ್ನು ಅಪ್ಪನಿಗೆ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಅಮ್ಮ ಆ ಮಾನಸಿಕ ಆಸ್ಪತ್ರೆಯಲ್ಲೇ ತೀರಿಕೊಂಡ ಮೇಲಂತೂ ಹೇಳುವುದಕ್ಕೆ ಏನು ಉಳಿದಿತ್ತು?

ಆಗ ಅಮ್ಮನಿಗೆ ಮೂವತ್ತೇಳು. ಅಕ್ಟೋಬರಿನಲ್ಲಿ ನನಗೂ ಮೂವತ್ತೇಳು ತುಂಬಿತು. ಲೆಕ್ಕ ಹಾಕಬಾರದೆಂದರೂ ಮನಸ್ಸು ಹಾಕಿಬಿಟ್ಟಿತ್ತು.

ಅಲ್ಲಿಂದ ನನ್ನ ಮೇಲೆ ನಾನೇ ಕಣ್ಣಿಟ್ಟೆ. ಬೆಳಗ್ಗೆ ಎದ್ದೊಡನೆ ಪ್ಲಾಮೆನ್‌ನ ಮುಖ ನೋಡುವುದು, ಇವನು ಅವನೇ ತಾನೇ ಎಂದು ಕೇಳಿಕೊಳ್ಳುವುದು. ತಲೆ ಸರಿಯಿದೆಯೇ ಎಂದು ನೋಡಲು ಅಂಗಡಿ ಬೋರ್ಡುಗಳನ್ನು ಹಿಂದುಮುಂದಾಗಿ ಓದುವುದು. ತೋಳು ಚಿವುಟಿಕೊಳ್ಳುವುದು. ಚಿವುಟಿದ ಕಲೆ ಕಾಣದಿರಲಿ ಎಂದು ಬೆಚ್ಚಗಿನ ಮನೆಯಲ್ಲೂ ಉದ್ದ ತೋಳಿನ ಅಂಗಿ. ಹೀಗೆ ನೋಡಿಕೊಂಡಷ್ಟೂ ಅದು ಹೆಚ್ಚಾಯಿತು. ಡಾಕ್ಟರ ಬಳಿ ಹೋಗುವ ಹಾಗಿರಲಿಲ್ಲ. ಕ್ರೇನಿನವರಿಗೆ ವರ್ಷಕ್ಕೊಮ್ಮೆ ಆರೋಗ್ಯದ ಸರ್ಟಿಫಿಕೇಟ್ ಬೇಕು. ತಲೆಯ ತೊಂದರೆ ಎಂದು ಒಂದು ಕಾಗದದಲ್ಲಿ ಬಿದ್ದರೆ ಮತ್ತೆ ಏಣಿ ಮುಟ್ಟಿಸುವುದಿಲ್ಲ. ಅದಕ್ಕಿಂತ ದೊಡ್ಡ ಭಯ, ಒಳಗೆ ಕರೆದು ಕೂರಿಸಿ ಹೊರಗೆ ಬಿಡದಿದ್ದರೆ ಎಂಬುದು.

ಜನವರಿ ಇಪ್ಪತ್ತರಂದು ಬೆಳಗ್ಗೆ ಹತ್ತೂವರೆಗೆ ಅದು ಕ್ರೇನಿನ ಮೇಲೆ ಮತ್ತೆ ಬಂತು. ಕೊಕ್ಕೆಯಲ್ಲಿ ಆರು ಟನ್ನಿನ ತಗಡಿನ ಸುರುಳಿ, ಅದರ ಕೆಳಗೆ ಹಡಗಿನ ಹೊಟ್ಟೆಯಲ್ಲಿ ಮೂವರು. ಮೂವರೂ ಕತ್ತೆತ್ತಿ ನೋಡುತ್ತಿದ್ದರು. ಅವರು ನಿಜವಾದ ಜನ ಎಂದು ನನಗೆ ಗೊತ್ತಿತ್ತು, ಆದರೆ ಹಾಗೆ ಅನ್ನಿಸುತ್ತಿರಲಿಲ್ಲ. ಅನ್ನಿಸದೆ ಇದ್ದಾಗ ಈ ಕೈ ಏನು ಮಾಡೀತು? ಆ ಯೋಚನೆ ಬಂದದ್ದೇ ಕೈ ಹಿಡಿಯ ಮೇಲೆ ಕಲ್ಲಾಯಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಹೇಳಿದರು, ನಾಲ್ಕು ನಿಮಿಷವಂತೆ. ರೇಡಿಯೋದಲ್ಲಿ ನಮ್ಮ ಮೇಸ್ತ್ರಿ ಕಾಲ್ಚೋ ಅಣ್ಣನ ದನಿ ಬಂತು. “ನೆನಾ, ತಾಯಿ, ಸರಕನ್ನ ಒಣಗಕ್ಕೆ ನೇತಾಕಿದೀಯಾ?” ಯಾರೋ ನಕ್ಕರು. ಸುರುಳಿ ನೇತಾಡುತ್ತಲೇ ಇತ್ತು. ಆಗ ಅವನ ದನಿ ಬದಲಾಯಿತು. “ಹುಡುಗರು ಪಕ್ಕಕ್ಕೆ ಹೋಗಿದಾರೆ. ಕೆಳಗೆ ಯಾರೂ ಇಲ್ಲ. ನಿಧಾನಕ್ಕೆ ಇಳಿಸು, ನಾನು ನೋಡ್ತಾ ಇದೀನಿ.” ಇಳಿಸಿದೆ. ಕೊಕ್ಕೆ ಬಿಚ್ಚಿದರು. ನಾನು ಏಣಿ ಹಿಡಿದು ಕೆಳಗಿಳಿದೆ, ಒಂದೊಂದು ಮೆಟ್ಟಿಲನ್ನೂ ಎಣಿಸುತ್ತ.

ನನಗೆ ಕಿವಿ ನೋವು, ತಲೆ ಸುತ್ತು ಎಂದು ಕಾಲ್ಚೋ ಅಣ್ಣನಿಗೆ ಹೇಳಬೇಕೆಂದೇ ಹೋದೆ. ಬಾಯಿಗೆ ಬಂದದ್ದು ಬೇರೆ. “ಅಣ್ಣಾ, ನನ್ನ ಇವತ್ತಿಂದ ಮೇಲಕ್ಕೆ ಕಳಿಸ್ಬೇಡ. ಏನಾಗಿದೆ ಅಂತ ನಂಗೂ ಗೊತ್ತಿಲ್ಲ.” ಅವನು ಏನಾಯಿತೆಂದು ಕೇಳಲಿಲ್ಲ. ತನ್ನ ಥರ್ಮಾಸಿನ ಚಹಾ ಬಗ್ಗಿಸಿ ಕೊಟ್ಟು, ನಾಳೆಯಿಂದ ಗೋದಾಮಿನ ಆಫೀಸಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಹಾಕುತ್ತೇನೆ, ಎಷ್ಟು ದಿನ ಬೇಕೋ ಅಷ್ಟು ದಿನ ಎಂದ. ಸಂಜೆ ಪ್ಲಾಮೆನ್‌ಗೂ ಹೇಳಿದೆ. ಅವನ ಮುಖವೇ ಅವನದಲ್ಲ ಅನ್ನಿಸುವುದನ್ನು ಹೇಳುವಾಗ ನೆಲ ನೋಡಿಕೊಂಡೇ ಹೇಳಿದೆ. ಅವನು ನನ್ನ ಪಕ್ಕ ಬಂದು ಕೂತು, “ಮದುವೆಯಾಗಿ ಹನ್ನೊಂದು ವರ್ಷ ಆಯ್ತಲ್ಲ, ಬೇರೆ ಯಾರಾದ್ರೂ ಆಗಿರ್ಲಿ ಅಂತ ಆಸೆ ಇರತ್ತೆ ಬಿಡು,” ಎಂದ. ಆಮೇಲೆ ಎದ್ದು ದೊಬ್ರಿಚ್‌ಗೆ ಬಸ್ ಎಷ್ಟು ಹೊತ್ತಿಗೆ ಎಂದು ನೋಡಿದ. ಆ ಊರಲ್ಲಿ ಡಾಕ್ಟರಿಗೆ ತೋರಿಸಿದರೆ ನಮ್ಮನ್ನು ಯಾರೂ ಗುರುತಿಸುವುದಿಲ್ಲ ಎಂದು ಅವನ ಲೆಕ್ಕ.

ಅಲ್ಲಿನ ಮನೋವೈದ್ಯೆ ಡಾಕ್ಟರ್ ಪಾಸ್ಕಾಲೆವಾ ನಿವೃತ್ತಿಗೆ ಹತ್ತಿರದ ಹೆಂಗಸು. ಒಳಗೆ ಹೋದಾಗ ಕಾಗದದಲ್ಲಿಟ್ಟ ಚೀಸ್ ತುಂಬಿದ ಬಾನಿತ್ಸಾ ತಿನ್ನುತ್ತಿದ್ದರು. ನಾನು ಬಾಗಿಲಿನ ಪಕ್ಕದ ಕುರ್ಚಿಯಲ್ಲೇ ಕೂತೆ, ಕೋಟು ಬಿಚ್ಚಲಿಲ್ಲ. ಅವರು ಬಿಚ್ಚಿ ಎನ್ನಲಿಲ್ಲ. ಒಂದು ಗಂಟೆಯ ಹೊತ್ತು ನನ್ನ ನಿದ್ದೆ, ಊಟ, ಕುಡಿತ, ಪಾಳಿ, ಹಳೆಯ ಜ್ವರ, ಅಮ್ಮನ ಆಸ್ಪತ್ರೆ ಎಲ್ಲ ಕೇಳಿ ಬರೆದುಕೊಂಡರು. ಆಮೇಲೆ ಕೇಳಿದರು.

“ನಿಮ್ಮ ಯಜಮಾನರು ನಿಜವಾಗ್ಲೂ ಬೇರೆ ಯಾರೋ ಅಂತೀರಾ?”

“ಇಲ್ಲ. ಅವನೇ ಅಂತ ಗೊತ್ತು. ಮನಸ್ಸಿಗೆ ತಾಕಲ್ಲ, ಅಷ್ಟೇ.”

“ನಿಮ್ಮ ತಾಯಿಗೆ ಹೇಗನ್ನಿಸ್ತಿತ್ತು?”

ಬೀರುವಿನ ಹಿಂದಿನ ಆ ಮಧ್ಯಾಹ್ನವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಅವರು ಪೆನ್ಸಿಲ್ ಕೆಳಗಿಟ್ಟರು. “ನೋಡಿ, ಅವರಿಗೆ ಅಪ್ಪನ ಮೇಲೆ ಅನುಮಾನ ಇತ್ತು. ನಿಮಗೆ ನಿಮ್ಮ ಮೇಲೇ ಅನುಮಾನ. ಎರಡೂ ಒಂದೇ ಅಲ್ಲ. ಎರಡು ತಿಂಗಳಿಂದ ನಿಮ್ಮನ್ನ ನೀವೇ ಕಾವಲು ಕಾಯ್ತಿದೀರ, ಯಾರಿಗಾದ್ರೂ ಸುಸ್ತಾಗತ್ತೆ. ಭಯ ಅತಿಯಾದಾಗ ಮನಸ್ಸು ಹೀಗೆ ಒಂದಿಷ್ಟು ದೂರ ಹೋಗಿ ನಿಲ್ಲತ್ತೆ. ತುಂಬ ಜನಕ್ಕೆ ಆಗತ್ತೆ, ಹೇಳ್ಕೊಳಲ್ಲ. ನಿಮ್ಮ ತಾಯಿಗಿದ್ದ ಕಾಯಿಲೆ ಇವತ್ತು ನಿಮ್ಮಲ್ಲಿ ನನಗೆ ಕಾಣ್ತಿಲ್ಲ.”

ನಾಳೆ ಬಂದರೆ ಎಂದು ಕೇಳಿದೆ. “ನಾಳೇದು ನಾನು ಹೇಳಲ್ಲ. ಎರಡು ವಾರ ಬಿಟ್ಟು ಬನ್ನಿ, ಆಗ ಆವತ್ತಿಂದು ಹೇಳ್ತೀನಿ.” ಇನ್ನೇನಾದರೂ ಸಮಾಧಾನದ ಮಾತು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ, ಅಕ್ಕಾ. ಅದನ್ನು ನಂಬಿದೆ. ಹೊರಗೆ ಕಾಯುತ್ತಿದ್ದ ಪ್ಲಾಮೆನ್‌ನ ತೋಳು ಹಿಡಿದು ಬಸ್ ನಿಲ್ದಾಣದ ತನಕ ಅಳುತ್ತಲೇ ನಡೆದೆ.

ಪೂರ್ತಿ ಹೋಗಿಲ್ಲ. ವಾರಕ್ಕೆ ಒಂದೆರಡು ಸಲ ಬರುತ್ತದೆ. ಬಂದಾಗ ಈಗ ಬೋರ್ಡು ಓದುವುದಿಲ್ಲ, ಚಿವುಟಿಕೊಳ್ಳುವುದಿಲ್ಲ, ಮಾಡುತ್ತಿದ್ದ ಕೆಲಸ ಮುಂದುವರಿಸುತ್ತೇನೆ. ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಆರೇಳು ಗಂಟೆ ನಿದ್ದೆ ಬರುತ್ತಿದೆ. ಮತ್ತೆ ಕ್ರೇನ್ ಹತ್ತುತ್ತೇನೋ ಇಲ್ಲವೋ ಮೇ ತಿಂಗಳ ಆರೋಗ್ಯ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಹತ್ತದಿದ್ದರೆ ಬಹಳ ದುಃಖವಾಗುತ್ತದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಪ್ಲಾಮೆನ್ ನಿನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾನೆ. ಆ ಮುದುಕಮ್ಮನಿಗೂ ನನ್ನ ನಮಸ್ಕಾರ ಹೇಳು. ನೀನು ಹೊಟ್ಟೆ ತುಂಬ ಉಣ್ಣು, ಬೆಚ್ಚಗಿರು, ದೇವರ ತಾಯಿ ನಿನ್ನ ಕೈ ಬಿಡದಿರಲಿ.

ನಿನ್ನ
ನೆವೇನಾ

ಅಕ್ಕಾ, ಡ್ರೈವರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕ್ರಿಸ್‌ಮಸ್ ಪತ್ರದಲ್ಲಿ ನೀನು ತಮಾಷೆಯ ಹಾಗೆ ಒಂದು ಮಾತು ಬರೆದಿದ್ದೆ. ಇತ್ತೀಚೆಗೆ ಮುದುಕಮ್ಮನ ಕೂದಲು ತೊಳೆಯುವಾಗ ಕೈ ನನ್ನವಲ್ಲ ಅನ್ನಿಸುತ್ತದೆ, ವಯಸ್ಸಾಯಿತು ನೋಡು ಎಂದು. ಅದರ ಕೆಳಗೆ ಇನ್ನೂ ಎರಡು ಸಾಲು ಬರೆದು ಕಾಗದ ಹರಿಯುವಷ್ಟು ಗೀಚಿ ಹಾಕಿದ್ದೀಯ. ಆಗ ನನ್ನದೇ ನನಗೆ ಹೆಚ್ಚಾಗಿತ್ತು, ಕೇಳಲಿಲ್ಲ, ಕ್ಷಮಿಸು. ನಿನ್ನೆ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಒಂದು ಅಕ್ಷರವೂ ಕಾಣಲಿಲ್ಲ. ಕಾಣಬೇಕಾಗಿಯೂ ಇಲ್ಲ. ನಿನಗೂ ಆಗುತ್ತಿದೆ, ಅಲ್ಲವೇ? ಎಷ್ಟು ದಿನದಿಂದ? ಭಾನುವಾರ ನಾಲ್ಕು ಗಂಟೆಗೆ ಫೋನ್ ಮಾಡುತ್ತೇನೆ. ಚೆನ್ನಾಗಿದ್ದೇನೆ ಎನ್ನಬೇಡ. ಪಕ್ಕದಲ್ಲಿ ಯಾರೇ ಇದ್ದರೂ ಎಲ್ಲವನ್ನೂ ಹೇಳು, ನಮ್ಮ ಭಾಷೆ ಅವರಿಗೆ ತಿಳಿಯುವುದಿಲ್ಲ.