ಯಂತ್ರದ ಹಣೆಗೆ ಮೂರು ಪಟ್ಟೆ

ಹಗರೆ,
ಭಾನುವಾರ, ಮಧ್ಯಾಹ್ನ

ನೆರೆದಿರುವ ಮಹಾಜನರೇ, ಮುಂದಿನ ಸಾಲಿನ ಹಿರಿಯರೇ, ಬೇಲಿಯ ಮೇಲೆ ಕೂತ ಕಿರಿಯರೇ!

ನೋಡು ಉಷಾ, ಜೀವಮಾನವೆಲ್ಲ ಬಣ್ಣ ಹಚ್ಚಿದವನಿಗೆ ಬಿಳಿ ಕಾಗದದಲ್ಲೂ ಸಭೆಯೇ ಕಾಣುತ್ತದೆ. ಇಂದಿನ ಸಭೆಯಲ್ಲಿ ಇರುವವಳು ನೀನೊಬ್ಬಳೇ. ಚಿರಂಜೀವಿ ಉಷಾರಾಣಿಗೆ ಮಾವನ ಆಶೀರ್ವಾದ.

ಫೋನ್ ಆಫ್ ಮಾಡಿ, ಅರಸೀಕೆರೆಯ ರೂಮಿನ ಬಾಗಿಲು ಹಾಕಿಕೊಂಡಿದ್ದೀಯಂತೆ. ಅದಕ್ಕೇ ಈ ಕಾಗದವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನನಗೂ ಸಾಕಾಗಿದೆ ತಾಯಿ. ಊರವರಿಗೆಲ್ಲ ಉತ್ತರ ಹೇಳಿ ಹೇಳಿ ಗಂಟಲು ಒಡೆದ ತಮಟೆಯಾಗಿದೆ.

ನಿನ್ನೆ ಸಂಘದವರ ಮುಂದೆ ನೀನೇ ಕಟ್ಟಿದ ಡ್ರೋನನ್ನು ಕೈಯಾರೆ ತೆಂಗಿನ ಮರಗಳ ಮೇಲಕ್ಕೆ ಏರಿಸಿದೆ. "ಇನ್ನು ಇದು ನನ್ನ ಕೈಯಲ್ಲಿಲ್ಲ, ಗರಿಯ ಎತ್ತರ ತಾನೇ ನೋಡಿಕೊಂಡು ಏರಿಳಿದು ಔಷಧ ಹೊಡೆಯುತ್ತದೆ" ಎಂದು ಹೇಳಿ ಗುಂಡಿ ಒತ್ತಿದೆ. ಒತ್ತಿದ್ದೇ ತಡ, ರೆಕ್ಕೆಗಳು ನಿಂತವು. ಬಲಿತ ಕಾಯಿ ಕಳಚಿದ ಹಾಗೆ ಅದು ದೊಪ್ಪನೆ ಬಿತ್ತು. ಬೆಳೆಗಾರರ ಸಂಘದ ಅಧ್ಯಕ್ಷ ನಂಜಪ್ಪ, "ಏನವ್ವಾ, ತಾನೇ ಯೋಚ್ನೆ ಮಾಡ್ತೈತೆ ಅಂದಿದ್ದೆ, ಬೀಳೋದ್ನೂ ತಾನೇ ಯೋಚ್ನೆ ಮಾಡ್ತಾ?" ಅಂದ. ಎಲ್ಲರೂ ನಕ್ಕರು. ನೀನು ಯಂತ್ರದ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿದೆ.

ನಾನು ನೋಡಿದೆ. ನೆಲ ಎಷ್ಟು ದೂರವಿದೆ ಎಂದು ಅಳೆಯಲು ಹೊಟ್ಟೆಯ ಕೆಳಗೆ ಒಂದು ಕಣ್ಣಿಟ್ಟಿದ್ದೀಯಲ್ಲ, ಅದರ ಮೇಲೆ ದಪ್ಪಗೆ ಮೂರು ಪಟ್ಟೆ ವಿಭೂತಿ! ನೀನು ಸಂಘದವರಿಗೆ ವಿವರಿಸುತ್ತಿದ್ದಾಗ ಹಿಂದೆ ಯಾರೋ ಪೂಜೆ ಮುಗಿಸಿದ್ದಾರೆ, ಹೊಸ ಟ್ರ್ಯಾಕ್ಟರಿಗೆ ಮಾಡುವ ಹಾಗೆ. ಕಣ್ಣಿದ್ದ ಕಡೆಯೇ ಮುಖ, ಮುಖವಿದ್ದ ಕಡೆಯೇ ಹಣೆ ಎಂದುಕೊಂಡಿರಬೇಕು. ನಿನ್ನ ಕೈಯಲ್ಲಿ ಹಾರುವಷ್ಟು ಹೊತ್ತು ಆ ಕಣ್ಣಿಗೆ ಕೆಲಸವಿರಲಿಲ್ಲ; ಗುಂಡಿ ಒತ್ತಿದ ಮೇಲೆ ಅದನ್ನೇ ನಂಬಿದ ಯಂತ್ರ ಪಾಪ, ಕಣ್ಣಿಗೇ ಏನೋ ತಗುಲಿತು, ನೆಲ ಬಂತು, ಇಳಿದಾಯಿತು ಎಂದು ರೆಕ್ಕೆ ನಿಲ್ಲಿಸಿತು. ನೀನು ಕಲಿಸಿದ್ದನ್ನೇ ಮಾಡಿತು. ಬಳಿದವರು ಯಾರು ಎಂದು ಕೇಳಬೇಡ, ಆಣೆಯಿದೆ.

ಒಮ್ಮೆ ಬೇಲೂರಿನ ನಾಟಕದಲ್ಲಿ ನನ್ನ ದುರ್ಯೋಧನನ ಕಿರೀಟ ಕಣ್ಣಿನ ಮೇಲೆ ಜಾರಿ, ಗದೆಯ ಸಮೇತ ಹಾರ್ಮೋನಿಯಂ ಮೇಲೆ ಬಿದ್ದಿದ್ದೆ. ಮಾತು ಮರೆತಿರಲಿಲ್ಲ ಕಣೇ, ಕಣ್ಣು ಮುಚ್ಚಿತ್ತು. ಎದ್ದೆ, ಕಿರೀಟ ಸರಿಮಾಡಿಕೊಂಡೆ, ಅದೇ ಪದ್ಯವನ್ನು ಮೊದಲಿನಿಂದ ಹಾಡಿದೆ.

ನಂಜಪ್ಪನ ಕಾಲೊಂದು ಹಿಡಿಯಲಿಲ್ಲ, ಅಷ್ಟೇ. ನಾಳೆ ಇನ್ನೊಂದು ಸಲ ನೋಡಲು ಒಪ್ಪಿದ್ದಾನೆ. ನೀನು ಬರದಿದ್ದರೆ ಸಂಘ ಹೊರಗಿನ ಕಂಪನಿಯ ಯಂತ್ರ ತರಿಸುತ್ತದೆ; ನಿನ್ನದು ಅಟ್ಟ ಸೇರುತ್ತದೆ. ಮುರಿದಿರುವುದು ರೆಕ್ಕೆ ಮಾತ್ರ, ಬದಲಿ ರೆಕ್ಕೆ ನಿನ್ನ ಪೆಟ್ಟಿಗೆಯಲ್ಲಿದೆ. ಮೊದಲ ಬಸ್ಸಿಗೆ ಬಾ.

ದಣಿದ ನಿನ್ನ ಸೋದರಮಾವ,
ಷಡಕ್ಷರಪ್ಪ

ಮತ್ತೊಂದು ಮಾತು: ಆಣೆ ಮುರಿಯುತ್ತಿದ್ದೇನೆ, ಶಿವ ಕ್ಷಮಿಸಲಿ. ಆ ಬೆರಳು ನಿನ್ನ ಅವ್ವನದು. ಹೆಣ್ಣುಮಗಳಿಗೆ ಆಕಾಶದ ಕೆಲಸ ಯಾಕೆ ಎಂದು ಇಷ್ಟು ವರ್ಷ ಆ ಯಂತ್ರದ ಬಳಿ ಸುಳಿಯದ ನಮ್ಮಕ್ಕ ಶಿವಗಂಗಮ್ಮ, ಅದನ್ನು ಮೊದಲ ಸಲ ಮುಟ್ಟಿದ್ದು ನಿನ್ನೆ. "ಅವಳ್ಗೆ ಹೇಳ್ಬ್ಯಾಡ ಕಣೋ, ಬೇಕಂತಲೇ ಮಾಡ್ದೆ ಅನ್ಕೊತಾಳೆ" ಎಂದು ಅತ್ತು, ಊಟ ಬಿಟ್ಟು ಕೂತಿದ್ದಾಳೆ. ಯಂತ್ರದ ಆ ಕಣ್ಣನ್ನು ನಾನು ಒರೆಸಿಲ್ಲ. ನಾಳೆ ಬೆಳಿಗ್ಗೆ ವಿಭೂತಿ ಗಟ್ಟಿಯನ್ನು ಮನೆಯಲ್ಲೇ ಇಡಿಸಿ, ಅವಳ ಕೈಗೊಂದು ಒದ್ದೆ ಬಟ್ಟೆ ಕೊಟ್ಟು, ತೋಟಕ್ಕೆ ಕರೆತರುತ್ತೇನೆ.