ಹದಿನೈದನೆಯ ಹೆಸರು

ಸರೋಜಕ್ಕಾ,

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಯಾರು ಮಾಡಿದ ಕಾನೂನು ಇದು? ನಾನಂತೂ ಅದಕ್ಕೆ ಸಹಿ ಹಾಕಿಲ್ಲ. ನೀನು ಹೋಗಿ ಹತ್ತು ತಿಂಗಳಾಯಿತು, ನನ್ನ ಹೊಟ್ಟೆಯ ಉರಿ ಇನ್ನೂ ಆರಿಲ್ಲ. ಆ ಉರಿಯಲ್ಲಿ ನಾನೊಂದು ಹಲ್ಕಾ ಕೆಲಸ ಮಾಡಿದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಕೇಳಿಸಿಕೋ. ಮುಗಿಯುವವರೆಗೆ ಬಾಯಿ ಹಾಕಬೇಡ.

ಈ ಪರದೇಶದಲ್ಲಿ, ಆಸ್ಪತ್ರೆಯ ಬ್ರೇಕ್ ರೂಮಿನಲ್ಲಿ ನಾವು ಮೊದಲ ಸಲ ಎದುರಾದ ಮಧ್ಯಾಹ್ನ ನಿನಗೆ ನೆನಪಿರಲೇಬೇಕು. ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಹೊಸಬಳು, ನೀನು ಮೂರನೆಯ ಮಹಡಿಯ ಹಳೇ ನರ್ಸು. ಗೋಡೆಯ ಟೀವಿಯಲ್ಲಿ ಬಾಸ್ಕೆಟ್‌ಬಾಲ್ ಸುದ್ದಿ ಬರುತ್ತಿತ್ತು. ನಮ್ಮ ಬೇ ಏರಿಯಾ ತಂಡ ಒಬ್ಬ ಆಟಗಾರನನ್ನು ಬೇರೆ ಊರಿನ ತಂಡಕ್ಕೆ ಕೊಟ್ಟು, ಅಲ್ಲಿಂದ ಇಬ್ಬರನ್ನು ತಂದಿತ್ತು. ಆ ಆಟಗಾರ ಮಗಳಿಗೆ ಈಜು ಕಲಿಸುತ್ತಿದ್ದನಂತೆ, ವಿಷಯ ಗೊತ್ತಾದದ್ದು ಫೋನಿನಲ್ಲಿ. ಬೀದಿ ನಾಟಕದಲ್ಲಿ ಪಳಗಿದ ಗಂಟಲು ನನ್ನದು, ಸುಮ್ಮನಿರಲಿಲ್ಲ.

"ಥೂ ಇವರ! ಕುರಿ ಮಾರಿದಂಗೆ ಮನುಷ್ಯರನ್ನ ಮಾರ್ತಾರಲ್ಲ!"

ಹಿಂದಿನಿಂದ ಕನ್ನಡದಲ್ಲೇ ಉತ್ತರ ಬಂತು. "ಕುರಿಗೆ ಯೂನಿಯನ್ ಇರಲ್ಲ ಕಣಮ್ಮ. ಇವರಿಗಿದೆ. ನಿಮ್ಮ ಲ್ಯಾಬಿನೋರಿಗೆ ಇದೆಯಾ?"

ಇರಲಿಲ್ಲ. ನೀನು ಚಿತ್ರಾನ್ನದ ಡಬ್ಬಿಯನ್ನು ನನ್ನ ಕಡೆ ತಳ್ಳಿದೆ. ಅವತ್ತೇ ನಾನು ನಿನ್ನವಳಾದೆ. ನೀನೂ ನನ್ನವಳು ಎಂದುಕೊಂಡೆ. ಅಲ್ಲೇ ಎಡವಿದ್ದು.

ಎವರ್‌ಗ್ರೀನ್ ಬಡಾವಣೆಯ ನಿನ್ನ ಮನೆಯಲ್ಲಿ, ಕಿಟಕಿ ಪಕ್ಕದ ಹಳೇ ಸೋಫಾದ ಮೇಲೆ ಕೂತು ನೀನು ನನಗೆ ಈ ಆಟದ ಒಳಗನ್ನು ಬಿಚ್ಚಿಟ್ಟೆ. ಒಂದು ತಂಡಕ್ಕೆ ಹದಿನೈದು ಜನ. ಸಂಬಳಕ್ಕೊಂದು ಮಿತಿ. ಬೇಸಿಗೆಯಲ್ಲಿ ಆಟ ನಿಂತಾಗ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ಕರೆತರಬೇಕು ಎಂಬ ಲೆಕ್ಕಾಚಾರ. "ಆಟ ಗೆಲ್ಲೋದು ಬೇಸಿಗೇಲಿ ಕಣೇ. ಚಳಿಗಾಲದಲ್ಲಿ ಬರೀ ತೋರಿಸ್ತಾರೆ" ಅನ್ನುತ್ತಿದ್ದೆ. ಪಟ್ಟಿಯ ಬೆಲೆ ನಿನಗೆ ಗೊತ್ತಿತ್ತು. ಬೆಂಗಳೂರಿನ ಫ್ಯಾಕ್ಟರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ನೀನು ಫ್ಯಾಕ್ಟರಿಯ ಹೆಂಗಸರ ತಂಡಕ್ಕೆ ಆಡುತ್ತಿದ್ದೆ. ಗೇಟಿನ ಬೋರ್ಡಿಗೆ ಹೆಸರುಗಳನ್ನು ಅಂಟಿಸುತ್ತಿದ್ದರು. ಮುಷ್ಕರದಲ್ಲಿ ಕೂತ ವರ್ಷ ನಿನ್ನ ಹೆಸರು ಅಲ್ಲಿರಲಿಲ್ಲ. ಆ ಬೋರ್ಡನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಮೂರು ಸಲ ಓದಿದೆ ಅಂತ ನೀನೇ ಅಂದಿದ್ದೆ. ಆಮೇಲೆ ಚಹಾ ಇಡಲು ಎದ್ದು ಹೋಗಿದ್ದೆ...

ಲಕೋಟೆಯ ಆಟ ಹುಟ್ಟಿದ್ದು ಅವತ್ತೇ ಅಲ್ಲವೇ? ಜೂನ್ ಕೊನೆಗೆ, ತಂಡಗಳ ಕೊಡುಕೊಳ್ಳುವಿಕೆ ಶುರುವಾಗುವ ಮುಂಚೆ, ನಮ್ಮ ತಂಡ ಹೇಗಿರಬೇಕೆಂದು ಇಬ್ಬರೂ ಪಟ್ಟಿ ಬರೆಯುವುದು. ಹದಿನಾಲ್ಕು ಹೆಸರು ನಿಜವಾದ ಆಟಗಾರರದ್ದು. ಹದಿನೈದನೆಯದು, ಬೆಂಚಿನ ತುದಿಯಲ್ಲಿ ಕೂರುವವನದು, ನಮ್ಮಿಷ್ಟ. ಪೆನ್ನಿನಲ್ಲೇ ಬರೆಯಬೇಕು, "ಪೆನ್ಸಿಲು ಹೇಡಿಗಳಿಗೆ" ಅನ್ನುವುದು ನಿನ್ನ ಕಾಯಿದೆ. ಅಂಟಿಸಿ ಅದಲುಬದಲು ಮಾಡಿಕೊಂಡು, ಚಳಿಗಾಲದ ಮೊದಲ ಮ್ಯಾಚಿನ ದಿನ ಒಡೆಯುವುದು. ಪ್ರತಿವರ್ಷ ನಿನ್ನ ಹದಿನೈದನೆಯ ಸಾಲಿನಲ್ಲಿ ನನ್ನ ಹೆಸರೇ: ಗಂಗಿ. ಹುಟ್ಟಿದಾಗಿನಿಂದ ನಾನು ಯಾವ ಪಟ್ಟಿಯಲ್ಲಿದ್ದೆ ಹೇಳು? ಹಾಸ್ಟೆಲಿನ ಕಾಯುವ ಪಟ್ಟಿ, ಪೊಲೀಸ್ ಸ್ಟೇಷನ್ನಿನ ಪಟ್ಟಿ. ಪ್ರೀತಿಯಿಂದ ನನ್ನ ಹೆಸರು ಬರೆದುಕೊಂಡ ಕಾಗದ ನಿನ್ನದೊಂದೇ.

ನಮ್ಮ ಜಗಳಗಳೂ ಎಂಥವು! ನಾನು ಪ್ರತಿ ಬೇಸಿಗೆ ಒಂದೇ ಮಾತು ಬರೆಯುತ್ತಿದ್ದೆ. ಹಳಬರನ್ನೆಲ್ಲ ಕಿತ್ತು ಹಾಕು, ಹೊಸಬರನ್ನು ತಾ, ಕೆಡವಿ ಕಟ್ಟು.

"ಕೆಡವಿ ಕಟ್ಟೋದು ಅಂದ್ರೆ ಮೂರು ವರ್ಷ ಬೇಕಂತ ಸೋಲೋದು ಕಣೇ. ಟಿಕೆಟ್ ತಗೊಂಡೋನು ಏನ್ ಪಾಪ ಮಾಡಿದ್ದ?"

"ಕ್ರಾಂತಿ ಪುಕ್ಕಟೆ ಬರಲ್ಲ ಅಕ್ಕಾ."

"ಹೂಂ, ಮಂಡಿ ನೋಯೋವಾಗ ಬಾ, ಕ್ರಾಂತಿ ತೈಲ ಹಚ್ತೀನಿ."

ಮಂಡಿ ಕೆಟ್ಟ ಆ ಒಬ್ಬ ಆಟಗಾರನನ್ನು, ನಾವು 'ಕುಂಟ' ಅಂತ ಕರೆಯುತ್ತಿದ್ದವನನ್ನು, ನೀನು ಒಂದು ವರ್ಷವೂ ಬಿಟ್ಟುಕೊಡಲಿಲ್ಲ. ಅಂಕಣಕ್ಕೆ ಇಳಿಯದಿದ್ದರೂ ಬೆಂಚಿನ ಮೇಲಿಂದ ಹುಡುಗರಿಗೆ ಕೂಗಿ ಹೇಳುತ್ತಾನಲ್ಲ, ಅದಕ್ಕೆ.

ಶ್ರೀನಿಧಿ ನಿನ್ನ ಮನೆಗೆ ಬಂದ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ನಿನಗೆ ಕ್ಯಾನ್ಸರ್ ಎಂದು ಗೊತ್ತಾದ ವಸಂತ ಅದು. ಎರಡು ಮನೆಯಾಚೆಯ ಮೈಸೂರಿನ ಎಂಜಿನಿಯರು, ನಲವತ್ತರ ಗಂಡಸು. ಕಂಪನಿಯವರು ಇಮೇಲಿನಲ್ಲಿ ಕೆಲಸ ಕಿತ್ತುಕೊಂಡಿದ್ದರು. ಹಾಡುಹಗಲೇ ಬೆಟ್ಟದ ರಸ್ತೆಯಲ್ಲಿ ಸುಮ್ಮನೆ ಸುತ್ತುತ್ತಿದ್ದವನನ್ನು ನೀನು ಕೂಗಿ ಕರೆದೆಯಂತೆ. ನಾನು ಬರುವಷ್ಟರಲ್ಲಿ ಸೋಫಾದ ಕಿಟಕಿಯ ಬದಿಯಲ್ಲಿ ಕೂತಿದ್ದ. ನನ್ನ ಜಾಗದಲ್ಲಿ! ಅಲ್ಲಿ ಸ್ಪ್ರಿಂಗು ಚುಚ್ಚುತ್ತದೆ, ಹೇಗೆ ಕೂರಬೇಕು ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಅವನಿಗೂ ಚುಚ್ಚಲಿಲ್ಲ.

ಅವನನ್ನು ದ್ವೇಷಿಸಲು ನಾನು ಕಾರಣ ಹುಡುಕಿದೆ. ಅಂಗಿಯೊಳಗೆ ಜನಿವಾರ ಇದೆಯೋ ಇಲ್ಲವೋ ನೋಡಲಿಲ್ಲ, ಅವನ ತಟ್ಟೆ ನೋಡಿದೆ. ನಮ್ಮ ಮನೆಯ ನೀರನ್ನೂ ಮುಟ್ಟದವರನ್ನು ಕಂಡವಳು ನಾನು. ಇವನು ನಿನ್ನ ಕೋಳಿಸಾರಿನಲ್ಲಿ ಮುದ್ದೆ ಮುರಿದು ನುಂಗಿ, "ಆಂಟಿ, ಇನ್ನೊಂದರ್ಧ" ಅಂದ. ಕೈಯಲ್ಲಿದ್ದ ಒಂದೇ ಆಯುಧವನ್ನೂ ಕಿತ್ತುಕೊಂಡ! ಆಮೇಲೆ ಲ್ಯಾಪ್‌ಟಾಪ್ ತೆಗೆದು, ಯಾವ ಆಟಗಾರನ ಕರಾರು ಯಾವ ವರ್ಷ ಮುಗಿಯುತ್ತದೆ, ಯಾರನ್ನು ತಂದರೆ ಮಿತಿ ಮೀರುತ್ತದೆ ಎಲ್ಲ ಬಣ್ಣಬಣ್ಣದ ಚೌಕಗಳಲ್ಲಿ ತೋರಿಸಿದ. ನೀನು ಚಪ್ಪಾಳೆ ತಟ್ಟಿದೆ. "ನೋಡೇ ಗಂಗೀ, ನಿಧಿ ಎಷ್ಟು ನೀಟಾಗಿ ಹಾಕವ್ನೆ!" ನಿಧಿಯಂತೆ. ಒಂದೇ ಊಟಕ್ಕೆ ಮುದ್ದಿನ ಹೆಸರು! ನನ್ನ ಪಟ್ಟಿಗಳಿಗೆ ನೀನು ಎಂದಾದರೂ ಚಪ್ಪಾಳೆ ತಟ್ಟಿದ್ದೆಯಾ?

ನಾನು ಯಾರು ಅಂತ ನನಗೆ ಮರೆತೇಹೋಗಿತ್ತು ಅಕ್ಕಾ. ಕಸ ಗುಡಿಸುವವರಿಗಾಗಿ, ಬೀಡಿ ಕಟ್ಟುವವರಿಗಾಗಿ, ಮುಖ ನೋಡದ ಸಾವಿರಾರು ಜನರಿಗಾಗಿ ಗಂಟಲು ಹರಿದುಕೊಂಡವಳು. ಕೆಲಸ ಕಳೆದುಕೊಂಡ ಒಬ್ಬನೇ ಒಬ್ಬ ಎದುರಿಗೆ ಕೂತಾಗ ನನಗೆ ಕಂಡದ್ದು ಸೋಫಾ. ಹಳಬರನ್ನು ಕಿತ್ತು ಹಾಕು ಎಂದು ವರ್ಷವರ್ಷವೂ ಬರೆದವಳಿಗೆ, ಆ ಹಳಬಳು ತಾನೇ ಆದಾಗ...

ಕಳೆದ ವರ್ಷ ಜೂನಿನಲ್ಲಿ ನೀನು ಅಡುಗೆಮನೆಯಲ್ಲಿ ನನ್ನ ಕೈಗೆ ಲಕೋಟೆ ಇಟ್ಟೆ. ಔಷಧಿಯಿಂದ ನಿನ್ನ ಬೆರಳ ತುದಿ ಕಪ್ಪಾಗಿತ್ತು. "ಇದು ನಿಂಗೆ" ಅಂದೆ. ಹಾಲ್‌ನಲ್ಲಿ ಕೂತಿದ್ದ ಅವನಿಗೂ ಒಂದು ಕೊಟ್ಟೆ. ನಮ್ಮಿಬ್ಬರ ಆಟಕ್ಕೆ ಮೂರನೆಯವನು! ಮೇಲೆ ಹೆಸರಿಲ್ಲದ ಒಂದೇ ತರಹದ ಎರಡು ಲಕೋಟೆ. ಸೆಪ್ಟೆಂಬರಿನಲ್ಲಿ ನೀನು ಹೊರಟುಹೋದೆ. ಅಷ್ಟು ದಿನವೂ ನನ್ನನ್ನು ಕೊರೆದದ್ದು ಒಂದೇ. ಈ ಸಲ ಹದಿನೈದನೆಯ ಸಾಲಿನಲ್ಲಿ ಯಾರ ಹೆಸರಿದೆ?

ಅಕ್ಟೋಬರಿನಲ್ಲಿ, ಮೊದಲ ಮ್ಯಾಚಿನ ದಿನ ಒಬ್ಬಳೇ ಕೂತು ಒಡೆದೆ. ಮೇಲುಗಡೆಯೇ "ನಿಧೀ" ಎಂದಿತ್ತು. ಅವನಿಗೆ ಬರೆದದ್ದು ನನ್ನ ಕೈ ಸೇರಿತ್ತು. ಅಲ್ಲೇ ಮಡಚಬೇಕಿತ್ತು, ಮಡಚಲಿಲ್ಲ. ನೇರ ಕೆಳಕ್ಕೆ ಕಣ್ಣು ಹಾಯಿಸಿದೆ. ಹದಿನೈದನೆಯ ಸಾಲಿನಲ್ಲಿ: ನಿಧಿ. ನೀನು ಗೇಟಿನ ಬೋರ್ಡು ಓದಿದ ಹಾಗೆ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಓದಿದೆ. ನಾನಿರಲಿಲ್ಲ. ಪಟ್ಟಿಯ ಕೆಳಗೆ ನೀನು ಅವನಿಗೆಂದೇ ನಾಲ್ಕು ಸಾಲು ಬರೆದಿದ್ದೆ. ಅದನ್ನೂ ಓದಿದೆ. ಓದಿ, ಬಚ್ಚಿಟ್ಟೆ. ಸತ್ತವಳು ಬರೆದ ಮಾತನ್ನು ಬರೆಸಿಕೊಂಡವನಿಗೆ ಕೊಡದೆ ಅಕ್ಕಿ ಡಬ್ಬದ ಹಿಂದೆ ತಳ್ಳಿದೆ. ನನ್ನ ತಪ್ಪು ಇದೇ. ಅವನು ಎರಡು ಸಲ ನನ್ನ ಅಪಾರ್ಟ್‌ಮೆಂಟಿಗೆ ಬಂದು ಬೆಲ್ ಮಾಡಿದ. ತನ್ನದನ್ನು ಕೇಳಲು ಬಂದ ಅಂದುಕೊಂಡೆ. ಬಾಗಿಲು ತೆಗೆಯಲಿಲ್ಲ.

ಈ ಜೂನಿನ ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ಮುಂದಿನ ಹೆಸರು ಕೂಗಿದೆ. ಕೂಗಿದ ಮೇಲೆ ತಿಳಿಯಿತು ಯಾರೆಂದು. ಖಾಲಿ ಹೊಟ್ಟೆಯಲ್ಲಿ ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದ. ಎಂಥ ಅವಕಾಶ ನೋಡು, ಕೈಯಲ್ಲಿ ಸೂಜಿ!

"ಹೆಸರು, ಹುಟ್ಟಿದ ದಿನ ಹೇಳಿ" ಅಂದೆ. ಗೊತ್ತಿದ್ದರೂ ಕೇಳಬೇಕು, ನಿಯಮ.

ಹೇಳಿದ. ಆಮೇಲೆ, "ಮೇಡಂ, ಎರಡು ಸಲ ಮನೆಗೆ ಬಂದಿದ್ದೆ."

"ಗೊತ್ತು. ಒಳಗೇ ಇದ್ದೆ."

"ಗೊತ್ತು ಮೇಡಂ. ಬೆಲ್ ಮಾಡಿದ ತಕ್ಷಣ ಟೀವಿ ಮ್ಯೂಟ್ ಆಯ್ತಲ್ಲ."

ತೋಳಿನ ರಬ್ಬರ್ ಪಟ್ಟಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಗಿದೆ. "ಮುಷ್ಟಿ ಕಟ್ಟಿ."

"ಆಂಟಿ ನಂಗೆ ಕೊಟ್ಟ ಕವರಲ್ಲಿ ಮೇಲುಗಡೆ 'ಗಂಗೀ' ಅಂತ ಇತ್ತು. ಅಷ್ಟು ನೋಡಿ ಮಡಚಿಬಿಟ್ಟೆ. ಅದನ್ನ ಕೊಡೋಕೇ ಬಂದಿದ್ದು."

"ಓದಲಿಲ್ವಾ? ಒಂದಕ್ಷರಾನೂ?"

"ನಂದಲ್ಲವಲ್ಲ ಮೇಡಂ."

ಅದರಲ್ಲೂ ನನ್ನನ್ನು ಸೋಲಿಸಿದ, ನಿನ್ನ ನಿಧಿ. ಒಂದೇ ಸಲಕ್ಕೆ ನರ ಸಿಕ್ಕಿತು. ಹೊಟ್ಟೆಕಿಚ್ಚು ಕೈಗೆ ಇಳಿಯಲಿಲ್ಲ, ಅಷ್ಟರಮಟ್ಟಿಗೆ ನಾನು ಕೆಲಸಗಾರ್ತಿ. ಹತ್ತಿ ಒತ್ತಿ ಹಿಡಿದು ಹೇಳಿದೆ. "ನಿಮ್ಮದು ನನ್ನ ಹತ್ರ ಇದೆ. ಮೊದಲ ಮ್ಯಾಚಿನಿಂದ."

ತಲೆ ಎತ್ತಿ ನೋಡಿದ. "ನೀವು ಓದಿದ್ರಾ?"

"ಬಾಯಿಪಾಠ ಬರುತ್ತೆ."

ಬಯ್ಯುತ್ತಾನೆ ಅಂದುಕೊಂಡೆ. "ಹಾಗಾದ್ರೆ ಹೇಳಿ ಮೇಡಂ" ಅಂದ.

ಹೇಳಿದೆ, ಅಲ್ಲೇ, ಅವನ ತೋಳು ಹಿಡಿದುಕೊಂಡೇ. "ಕೆಲಸ ಹೋಗಿದ್ದು ನಿನ್ನ ತಪ್ಪಲ್ಲ. ಪಟ್ಟಿ ಬರೆಯೋರು ಬೇರೆ, ಆಡೋರು ಬೇರೆ. ನನ್ನ ಪಟ್ಟೀಲಿ ನೀನಿದೀಯ. ಗಂಗಿ ಬೈತಾಳೆ, ಬೈಯ್ಲಿ ಬಿಡು, ಅವಳಿಗೆ ಜಾಗ ಹೋಗುತ್ತೆ ಅನ್ನೋ ಭಯ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಆಗಲೂ ಅವನಿಗೆ ಕೆಲಸ ಸಿಕ್ಕಿರಲಿಲ್ಲ ಅಕ್ಕಾ. ಅವನ ತಪ್ಪಲ್ಲ ಎಂದು ಅವನಿಗೆ ಹೇಳುವ ಒಂದೇ ಕಾಗದವನ್ನು ನಾನು ಎಂಟು ತಿಂಗಳು ಅಕ್ಕಿಯ ಹಿಂದೆ ಇಟ್ಟಿದ್ದೆ. ಕ್ಷಮೆ ಕೇಳಿದೆ. ಕೇಳುವಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಭಾಷಣದಲ್ಲಿ ಈ ಮಾತು ಒಮ್ಮೆಯೂ ಬಳಸಿರಲಿಲ್ಲವಲ್ಲ.

ಅವತ್ತು ಸಂಜೆಯೇ ಕಾಗದಗಳನ್ನು ಬದಲಾಯಿಸಿಕೊಂಡೆವು. ನನ್ನದರಲ್ಲೂ ಅದೇ ಹದಿನಾಲ್ಕು ಹೆಸರು, ಕುಂಟನೂ ಸೇರಿ. ಹದಿನೈದನೆಯದು: ಗಂಗಿ. ಇದ್ದೆ ಅಕ್ಕಾ, ನಾನಿದ್ದೆ! ಕೆಳಗೆ ಒಂದೇ ಸಾಲು. "ಹಳಬರನ್ನ ಕಿತ್ತು ಹಾಕು ಅಂತ ಈ ಸಲಾನೂ ಬರೆದಿದ್ರೆ, ನಿನ್ನಿಂದಲೇ ಶುರು ಮಾಡು." ನಕ್ಕೆ, ಅತ್ತೆ, ಆಮೇಲೆ ಸಾಲು ಎಣಿಸಿದೆ. ಅವನಿಗೆ ನಾಲ್ಕು, ನನಗೆ ಒಂದು! ಎರಡೆರಡು ತಂಡ ಕಟ್ಟಿಕೊಂಡಿದ್ದೆಯಲ್ಲ, ಕಳ್ಳಿ. ಇನ್ನೊಂದು ಮಾತು. ರೋಗಿಯ ಮಣಿಕಟ್ಟಿಗೆ ಕಟ್ಟಿದ ಹೆಸರನ್ನು ಎರಡೆರಡು ಸಲ ಓದಿ ಮಾತ್ರೆ ಕೊಡುತ್ತಿದ್ದವಳು ನೀನು. ಒಬ್ಬರದ್ದು ಇನ್ನೊಬ್ಬರಿಗೆ ಒಂದು ದಿನವೂ ಹೋಗಿರಲಿಲ್ಲ. ಅಂಥವಳ ಕೈಯಲ್ಲಿ ಎರಡು ಲಕೋಟೆ ಅದಲುಬದಲಾದವೇ? ಕಣ್ಣು ಮಂಜಾಗಿತ್ತಾ, ಇಲ್ಲಾ ನಮ್ಮಿಬ್ಬರನ್ನು ಬೇಕಂತಲೇ ಒಬ್ಬರ ಕೈಗೆ ಇನ್ನೊಬ್ಬರನ್ನು ಕೊಟ್ಟುಹೋದೆಯಾ? ಟೀವಿಯ ಆ ಆಟಗಾರನಿಗೆ ಮಾಡಿದಂತೆ ಒಂದು ಫೋನಾದರೂ ಮಾಡಬೇಕಿತ್ತು...

ನಿನಗೆ ಗೊತ್ತಿಲ್ಲದ ಸುದ್ದಿ ಕೇಳು. ನಮ್ಮ ತಂಡ ಈ ಬೇಸಿಗೆ ನಿನ್ನ ಕುಂಟನನ್ನು ಬಿಟ್ಟುಬಿಟ್ಟಿತು. ಎಲ್ಲರಿಗಿಂತ ಕೆಳಗಿರುವ ಒಂದು ತಂಡ ಅವನನ್ನು ಕರೆದುಕೊಂಡಿದೆ, ಅಲ್ಲಿ ಎಲ್ಲ ಎಳೆಯರೇ, ಕೂಗಿ ಹೇಳಲು ಒಬ್ಬ ಬೇಕಿತ್ತಂತೆ. ನಿಧಿಗೆ ಹತ್ತಿರದ ಲಿವರ್‌ಮೋರ್ ಊರಿನಲ್ಲಿ ಕೆಲಸ ಸಿಕ್ಕಿತು. ನಿನ್ನ ಸೋಫಾವನ್ನು ನಾನೂ ಅವನೂ ಹೊತ್ತು ನನ್ನ ಅಪಾರ್ಟ್‌ಮೆಂಟಿಗೆ ತಂದೆವು. ಮೆಟ್ಟಿಲ ತಿರುವಿನಲ್ಲಿ ಅವನು "ಮೇಡಂ, ಎಡಕ್ಕೆ" ಅಂದ. "ಎಡಕ್ಕೆ ತಿರುಗೋದು ನಂಗೆ ಹೇಳ್ಕೊಡ್ತೀಯೇನೋ?" ಅಂದೆ. ಈಗ 'ಮೇಡಂ' ಬಿಟ್ಟು 'ಅಕ್ಕ' ಅನ್ನುತ್ತಾನೆ. ಕಿಟಕಿ ಬದಿ ಮಾತ್ರ ನನ್ನದು, ಅದನ್ನು ಮೊದಲೇ ಹೇಳಿದ್ದೇನೆ.

ಈ ವರ್ಷದ ಲಕೋಟೆಗಳನ್ನು ನಾನೂ ಅವನೂ ಬದಲಾಯಿಸಿಕೊಂಡಿದ್ದೇವೆ. ಮೇಲೆ ಹೆಸರು ಬರೆದು, ಎರಡೆರಡು ಸಲ ಓದಿ. ಅವನದನ್ನು ಮೊದಲ ಮ್ಯಾಚಿಗೆ ಮುಂಚೆ ಒಡೆಯುವುದಿಲ್ಲ, ನಿನ್ನಾಣೆ. ನನ್ನ ಪಟ್ಟಿಯಲ್ಲಿ ಈ ಸಲ ಒಬ್ಬ ಹಳಬನನ್ನೂ ಕಿತ್ತಿಲ್ಲ. ಹದಿನೈದನೆಯ ಸಾಲಿನಲ್ಲಿ ನಿಧಿಯ ಹೆಸರು ಬರೆದಿದ್ದೇನೆ.

ಪೆನ್ಸಿಲಿನಲ್ಲಿ.

ನಿನ್ನ
ಗಂಗಿ